ಮಾನವ ಅಭಿವೃದ್ಧಿ: ಮೊಬೈಲ್ ಬಂದ ಮೇಲೆ ಏನೇನು ‘ಕೈಲಾಗುತ್ತದೆ’?

‘ಇದು ನನ್ನ ಕೈಲಾಗುತ್ತೆ, ಅದು ಆಗಲ್ಲ’ ಅಂತ ನಾವು ದಿನಕ್ಕೆ ಹತ್ತು ಸಲ ಹೇಳುತ್ತೇವೆ, ಅಲ್ವಾ? ‘ಮಾನವ ಅಭಿವೃದ್ಧಿ’ ಅನ್ನುವ ದೊಡ್ಡ ಪದದ ಒಳಗೆ ಇರುವುದು ಈ ಸಣ್ಣ ಮಾತೇ. ಒಬ್ಬರ ಕೈಲಾಗುವ ಕೆಲಸಗಳು, ಅವರ ಮುಂದಿರುವ ದಾರಿಗಳು ಹೆಚ್ಚುತ್ತಾ ಹೋದರೆ ಅದು ಮಾನವ ಅಭಿವೃದ್ಧಿ. ರಸ್ತೆ, ಕಟ್ಟಡ, ಕಂಪ್ಯೂಟರ್ ಎಲ್ಲ ಅದಕ್ಕೆ ಬೇಕಾದ ಸಾಮಾನು ಅಷ್ಟೇ.

ಈ ಪದ ಜಗತ್ತಿನಾದ್ಯಂತ ಬಳಕೆಗೆ ಬಂದದ್ದು 1990ರಲ್ಲಿ. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಆ ವರ್ಷ ಮೊದಲ ಮಾನವ ಅಭಿವೃದ್ಧಿ ವರದಿ ಹೊರತಂದಿತು. ಅದರ ಮುಂದಾಳು ಪಾಕಿಸ್ತಾನದ ಅರ್ಥಶಾಸ್ತ್ರಜ್ಞ ಮೆಹಬೂಬ್ ಉಲ್ ಹಕ್. ಅವರ ಗೆಳೆಯ, ಭಾರತದ ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಜೊತೆಗೆ ನಿಂತರು. ಅದುವರೆಗೆ ದೇಶದ ಏಳಿಗೆ ಅಂದರೆ ಒಟ್ಟು ವರಮಾನದ ಲೆಕ್ಕ. ಹೊಸ ವರದಿ ವರಮಾನದ ಜೊತೆ ಆಯುಸ್ಸು ಮತ್ತು ಓದನ್ನೂ ಸೇರಿಸಿ ಸೊನ್ನೆಯಿಂದ ಒಂದರವರೆಗಿನ ಒಂದು ಅಂಕಿ ಕೊಟ್ಟಿತು. ಅದೇ ಮಾನವ ಅಭಿವೃದ್ಧಿ ಸೂಚ್ಯಂಕ. 2023ರ ಲೆಕ್ಕದಲ್ಲಿ ಭಾರತದ್ದು 0.685. 193 ದೇಶಗಳಲ್ಲಿ ನಮ್ಮದು 130ನೇ ಜಾಗ.

ಒಬ್ಬರಿಗೆ ಏನೇನು ಮಾಡಲು ಸಾಧ್ಯ ಅನ್ನುವುದೇ ಏಳಿಗೆಯ ಅಳತೆ ಅನ್ನುವುದು ಸೇನ್ ಅವರ ವಿಚಾರ. ಇಂಗ್ಲಿಷಿನಲ್ಲಿ ಅದು ‘ಕೇಪಬಿಲಿಟಿ’, ಕನ್ನಡದಲ್ಲಿ ‘ಸಾಮರ್ಥ್ಯ’ ಅಂತ ಬರೆಯುವುದು ವಾಡಿಕೆ. ನನಗೆ ಆ ಪದ ಪೂರ್ತಿ ಒಪ್ಪಿಗೆಯಿಲ್ಲ. ಸಾಮರ್ಥ್ಯ ಅಂದ ಕೂಡಲೇ ಅದು ಮನುಷ್ಯನ ಒಳಗಿನ ಕಸುವು ಅನಿಸುತ್ತದೆ. ಇಲ್ಲದವರದೇ ತಪ್ಪು ಅನ್ನುವ ಹಾಗೆ. ‘ಕೈಲಾಗುವುದು’ ಅಂದರೆ ಹಾಗಲ್ಲ. ಅದಕ್ಕೆ ನಾನೂ ಬೇಕು, ಸುತ್ತಲಿನ ಅನುಕೂಲವೂ ಬೇಕು. ಸೇನ್ ಸೈಕಲ್ಲಿನ ಉದಾಹರಣೆ ಕೊಡುತ್ತಾರೆ. ಇಬ್ಬರಿಗೂ ಒಂದೊಂದು ಸೈಕಲ್ ಕೊಟ್ಟಿರಿ ಅನ್ನಿ. ಕಾಲು ಗಟ್ಟಿ ಇರುವವರು ಹತ್ತಿ ಹೋಗುತ್ತಾರೆ. ಕಾಲಿಲ್ಲದವರ ಮನೆಯಲ್ಲಿ ಅದು ಗೋಡೆಗೆ ಒರಗಿ ನಿಂತಿರುತ್ತದೆ. ಹಂಚಿದ ಲೆಕ್ಕದಲ್ಲಿ ಮಾತ್ರ ಇಬ್ಬರಿಗೂ ಸಮ.

ಸೈಕಲ್ ಇದ್ದ ಕಡೆ ಮೊಬೈಲ್ ಇಟ್ಟು ನೋಡಿ.

1997ರ ಜನವರಿ 14. ಉತ್ತರ ಕೇರಳದ ಬಡಗರ ಕಡಲತೀರ. ಅವತ್ತು ಅಲ್ಲಿ 11 ಮೀನುಗಾರರು ತಾವು ಹಿಡಿದು ತಂದ ಬೂತಾಯಿ ಮೀನನ್ನು ಎಸೆದರು. ಕೊಳ್ಳುವವರೇ ಇರಲಿಲ್ಲ. ಅದೇ ಹೊತ್ತಿಗೆ 15 ಕಿಲೋಮೀಟರ್ ಒಳಗಿನ ಬೇರೆ ಪೇಟೆಗಳಲ್ಲಿ 27 ಜನ ಮೀನು ಸಿಗದೆ ಕಾಯುತ್ತಿದ್ದರು. ಇವರಿಗೆ ಅವರು ಗೊತ್ತಿಲ್ಲ, ಅವರಿಗೆ ಇವರು ಗೊತ್ತಿಲ್ಲ. ಮೀನು ಮಧ್ಯಾಹ್ನದವರೆಗೂ ಕಾಯುವ ಸರಕಲ್ಲ. ಡೀಸೆಲ್ ಸುಟ್ಟು ಇನ್ನೊಂದು ದಡಕ್ಕೆ ಹೋದರೆ ಅಲ್ಲೂ ಹೀಗೇ ಆಗಿದ್ದರೆ?

ಆಮೇಲೆ ಆ ಕರಾವಳಿಗೆ ಮೊಬೈಲ್ ಬಂತು. 1997ರಲ್ಲಿ ಕೋಝಿಕ್ಕೋಡ್, 1998ರಲ್ಲಿ ಕಣ್ಣೂರು, 2000ದಲ್ಲಿ ನಮ್ಮ ಪಕ್ಕದ ಕಾಸರಗೋಡು. ಮೊಬೈಲ್ ಟವರ್‌ಗಳು ದಡದ ಹತ್ತಿರವೇ ಇದ್ದದ್ದರಿಂದ ಸಿಗ್ನಲ್ 20–25 ಕಿಲೋಮೀಟರ್ ಸಮುದ್ರದ ಒಳಗೂ ಸಿಗುತ್ತಿತ್ತು. ದೋಣಿಯಲ್ಲೇ ನಿಂತು ‘ಅಲ್ಲಿ ಇವತ್ತು ರೇಟ್ ಎಷ್ಟು?’ ಅಂತ ಕೇಳಿ, ಆಮೇಲೆ ದೋಣಿಯ ಮುಖ ತಿರುಗಿಸಬಹುದಾಯಿತು. ರಾಬರ್ಟ್ ಜೆನ್ಸನ್ ಅನ್ನುವ ಅರ್ಥಶಾಸ್ತ್ರಜ್ಞರು ಈ ಮೂರೂ ಕಡೆ ವರ್ಷಗಟ್ಟಲೆ ಲೆಕ್ಕ ಇಟ್ಟು 2007ರಲ್ಲಿ ಪ್ರಕಟಿಸಿದರು. ಮೀನು ಎಸೆಯುವುದು ಹೆಚ್ಚುಕಡಿಮೆ ನಿಂತೇಹೋಗಿತ್ತು. ಮೀನುಗಾರರ ಲಾಭ ಸುಮಾರು 8% ಏರಿತ್ತು. ಕೊಂಡು ತಿನ್ನುವವರಿಗೆ ಬೆಲೆ 4% ಇಳಿದಿತ್ತು. ಯಾರೂ ಅವರಿಗೆ ತರಬೇತಿ ಕೊಟ್ಟಿರಲಿಲ್ಲ. ಮೀನು ಹಿಡಿಯುವುದು, ಮಾರುವುದು, ಚೌಕಾಸಿ ಎಲ್ಲ ಮೊದಲೇ ಗೊತ್ತಿತ್ತು. ಇಲ್ಲದೆ ಇದ್ದದ್ದು ಆಚೆ ದಡದ ಸುದ್ದಿ. ಅದೊಂದು ಸಿಕ್ಕಿತು.

ಇನ್ನು ನಮ್ಮ ದೊಡ್ಡಮ್ಮನ ಕಥೆ. ಮಲೆನಾಡಿನಲ್ಲಿ ಅರ್ಧ ಎಕರೆ ತೋಟ. ಸೀಸನ್ನಿನಲ್ಲಿ ಬೇರೆಯವರ ಮನೆಯ ಅಡಿಕೆ ಸುಲಿಯಲು ಹೋಗುತ್ತಾರೆ. ನಲವತ್ತು ವರ್ಷ ಅಡಿಕೆ ಸುಲಿದ ಬೆರಳು ನುಣ್ಣಗೆ ಸವೆದಿದೆ. ರೇಷನ್ ಅಂಗಡಿಯಲ್ಲಿ ‘ತಂಬ್ ಕೊಡಿ’ ಅಂದರೆ ಯಂತ್ರ ಕೆಂಪು ದೀಪ ತೋರಿಸುತ್ತದೆ. ಅಂಗಡಿಯವರು ಗಾಜು ಒರೆಸುತ್ತಾರೆ. ‘ತಲೆಗೂದಲಿಗೆ ಬೆರಳು ಉಜ್ಜಿ ಇಡಿ’ ಅನ್ನುತ್ತಾರೆ. ಎಣ್ಣೆ ಪಸೆಗಾದರೂ ಗೆರೆ ಮೂಡಲಿ ಅಂತ. ಹೆಬ್ಬೆಟ್ಟು ಆಯಿತು, ತೋರುಬೆರಳು ಆಯಿತು, ಎಡಗೈ ಆಯಿತು. ಒಂದು ಸಲ ನಾನೂ ಜೊತೆಗಿದ್ದೆ. ಎರಡು ಸಲ ಹೋಗಿ ಬಂದು, ಮೂರನೇ ದಿನ ಅಕ್ಕಿ ಸಿಕ್ಕಿತು. ದುಡಿದು ಸವೆದ ಬೆರಳಿಗೇ ಹೀಗಾಯಿತಲ್ಲ ಅನ್ನುವುದು ನನಗೆ ಇವತ್ತಿಗೂ ನೋವು.

ಅದೇ ದೊಡ್ಡಮ್ಮ ವಾಟ್ಸ್‌ಆ್ಯಪ್‌ನಲ್ಲಿ ಮೈಕ್ ಗುರುತು ಒತ್ತಿ ಹಿಡಿದು ಬೆಂಗಳೂರಿನ ಮಗಳಿಗೆ ಮೂರು ಮೂರು ನಿಮಿಷ ಮಾತು ಕಳಿಸುತ್ತಾರೆ. ಓದಿದ್ದು ಮೂರನೇ ಕ್ಲಾಸು. ಬರೆಯುವುದು ಕಷ್ಟ. ಕಾಗದ ಬರೆಸಲು ಇನ್ನೊಬ್ಬರ ಮನೆ ಬಾಗಿಲಿಗೆ ಹೋಗುವ ಕಾಲ ಮುಗಿಯಿತು. ಒಬ್ಬರದೇ ಬದುಕಿನಲ್ಲಿ ಒಂದು ಯಂತ್ರ ಅವರ ಕೈ ಕಟ್ಟಿತು, ಇನ್ನೊಂದು ಕೈ ಹಿಡಿಯಿತು. ಎರಡಕ್ಕೂ ನಾವು ‘ಡಿಜಿಟಲ್’ ಅನ್ನುವ ಒಂದೇ ಹೆಸರು ಇಟ್ಟಿದ್ದೇವೆ.

ಜಮೀನಿನ ದಾಖಲೆಗಳನ್ನು ಕಂಪ್ಯೂಟರಿಗೆ ತಂದ ಕರ್ನಾಟಕದ ‘ಭೂಮಿ’ ಯೋಜನೆಯೂ ಇದೇ ಕಣ್ಣಿನಿಂದ ನೋಡಬೇಕಾದದ್ದು. ಮೊದಲು ಪಹಣಿ ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕದಲ್ಲಿರುತ್ತಿತ್ತು. ರಾಜ್ಯದಲ್ಲಿ ಅಂಥವರು ಸುಮಾರು 9,000 ಜನ. ಅವರು ಸಿಕ್ಕಾಗ, ಮನಸ್ಸು ಮಾಡಿದಾಗ ಪಹಣಿ. 2000ದ ಆಸುಪಾಸಿನಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು ಕಂಪ್ಯೂಟರಿಗೆ ಬಂದವು. ಆಗ ತಾಲ್ಲೂಕು ಕಚೇರಿಯ ಕೌಂಟರಿನಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ಬೆಳೆ ಸಾಲಕ್ಕೆ ಓಡಾಡುವ ರೈತನಿಗೆ ಇದು ಸಣ್ಣ ಮಾತಲ್ಲ. ಯಾರ ಕೈಕಾಲೂ ಹಿಡಿಯದೆ ತನ್ನ ಜಮೀನಿನ ಕಾಗದ ತಾನೇ ತೆಗೆದುಕೊಳ್ಳುವುದು ಕೈಲಾಯಿತು. ಆದರೆ ಕೈಬರಹದಿಂದ ಟೈಪ್ ಮಾಡುವಾಗ ಹೆಸರೋ ಗುಂಟೆಯೋ ತಪ್ಪಿದ್ದರೆ, ತಿದ್ದುಪಡಿಗೆ ಮತ್ತೆ ಅಲೆಯುವುದು ತಪ್ಪಲಿಲ್ಲ. ಪಹಣಿ ಪಡೆಯುವುದು ಸುಲಭವಾಯಿತು, ತಿದ್ದಿಸುವುದು ಅಷ್ಟು ಸುಲಭವಾಗಲಿಲ್ಲ.

ಹೆಂಗಸರ ವಿಷಯಕ್ಕೆ ಬಂದರೆ ‘ಮನೆಯಲ್ಲಿ ಫೋನ್ ಇದೆ’ ಅನ್ನುವ ಮಾತನ್ನು ಸುಮ್ನೆ ಒಪ್ಪಬಾರದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಸರಿಯಾದ ಪ್ರಶ್ನೆ ಕೇಳಿತು: ನೀವೇ ಬಳಸುವ ಮೊಬೈಲ್ ನಿಮ್ಮ ಹತ್ತಿರ ಇದೆಯಾ? ದೇಶದಲ್ಲಿ ಹೌದು ಅಂದ ಹೆಂಗಸರು 54%. ಒಮ್ಮೆಯಾದರೂ ಇಂಟರ್ನೆಟ್ ಬಳಸಿದವರು ಹೆಂಗಸರಲ್ಲಿ 33%, ಗಂಡಸರಲ್ಲಿ 57%. ಬ್ಯಾಂಕಿನ ಖಾತೆ ಹೆಂಡತಿಯ ಹೆಸರಿನಲ್ಲಿದ್ದು, ಒಟಿಪಿ ಗಂಡನ ಫೋನಿಗೆ ಬರುವ ಮನೆ ನಿಮಗೂ ಗೊತ್ತಿರಬಹುದು. ಆ ದುಡ್ಡು ಅವಳ ಕೈಲಿದೆಯಾ?

ಈಗ ಎಐ, ಅಂದರೆ ಕೃತಕ ಬುದ್ಧಿಮತ್ತೆ. 2025ರ ಮಾನವ ಅಭಿವೃದ್ಧಿ ವರದಿಯ ವಿಷಯವೇ ಅದು. ಓದು ಬರಹ ಬಾರದವರಿಗೆ ಅವರ ನುಡಿಯಲ್ಲೇ ಮಾತಾಡುವ ಯಂತ್ರ ನಿಜಕ್ಕೂ ದೊಡ್ಡ ಬಾಗಿಲು ತೆರೆಯಬಲ್ಲದು. ಕೇಂದ್ರ ಸರ್ಕಾರ 2022ರಲ್ಲಿ ಶುರುಮಾಡಿದ ‘ಭಾಷಿಣಿ’ಯ ಗುರಿಯೂ ಭಾರತದ ನುಡಿಗಳಲ್ಲಿ ಇಂಥ ಕೆಲಸ ಆಗಲಿ ಅನ್ನುವುದೇ. ನನಗೆ ಇದರಲ್ಲಿ ಆಸೆ ಇದೆ. ಆ ನುಡಿ ಪುಸ್ತಕದ ಕನ್ನಡ ಮಾತ್ರ ಆಗಬಾರದು ಅಷ್ಟೇ.

ಕಳೆದ ಮಳೆಗಾಲದಲ್ಲಿ ಇಂಥ ಮಾತಾಡುವ ಎಐ ಒಂದನ್ನು ದೊಡ್ಡಮ್ಮನ ಫೋನಿನಲ್ಲೇ ಪ್ರಯತ್ನ ಮಾಡಿದೆವು. ಅಡಿಕೆಯ ಕೊಳೆರೋಗಕ್ಕೆ ಏನು ಮಾಡುವುದು ಅಂತ ಅವರೇ ಕೇಳಿದರು. ಮೊದಲ ಸಲ ಅವರ ಮಾತು ಅದಕ್ಕೆ ತಿಳಿಯಲಿಲ್ಲ. ಬಿಡಿಸಿ ಬಿಡಿಸಿ ಹೇಳಿದ ಮೇಲೆ ಉತ್ತರ ಬಂತು: 1% ಬೋರ್ಡೋ ದ್ರಾವಣ, 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ.

‘ಅದು ನಂಗೂ ಗೊತ್ತು ಮಾರಾಯ’ ಅಂದರು ದೊಡ್ಡಮ್ಮ. ‘ಮಳೆ ಬಿಡದೆ ಹೊಡೀತಿದ್ರೆ ಯಾವಾಗ ಹೊಡೆಸೋದು ಅಂತ ಕೇಳ್ಬೇಕು. ಎಲ್ಲಿ ಒತ್ತೋದು ತೋರಿಸು, ನಾನೇ ಕೇಳ್ತೀನಿ.’