‘ವೃಣತೇ’ ಏಕವಚನವಲ್ಲ: ಭಾರವಿಯ ಒಂದು ಶ್ಲೋಕದ ಅಧ್ಯಯನ ಟಿಪ್ಪಣಿ

ಸಂಭಾಷಣೆ, ಶಬ್ದರೂಪ, ಲಕಾರಗಳ ಹಂತ ದಾಟಿ ಆನ್‌ಲೈನ್ ಸಂಸ್ಕೃತ ತರಗತಿಯಲ್ಲಿ ಕಾವ್ಯಪಾಠಕ್ಕೆ ಕಾಲಿಟ್ಟಿರುವ ಕನ್ನಡಿಗರಿಗಾಗಿ ಈ ಟಿಪ್ಪಣಿ. ಈ ಘಟ್ಟದಲ್ಲಿ ನಮಗೊಂದು ವಿಚಿತ್ರ ತೊಡಕಿದೆ. ಶ್ಲೋಕದಲ್ಲಿ ಅರ್ಧಕ್ಕರ್ಧ ಪದಗಳು ನಮಗೆ ಮೊದಲೇ ಪರಿಚಿತ. ಹಾಗಾಗಿ ವಿಭಕ್ತಿ, ವಚನ, ಲಿಂಗ ನೋಡುವ ಮೊದಲೇ ಅರ್ಥ ಹೊಳೆದುಬಿಡುತ್ತದೆ, ಮತ್ತು ಆ ಅರ್ಥ ಎಷ್ಟೋ ಸಲ ತಪ್ಪಿರುತ್ತದೆ. ಭಾರವಿಯ ಸಂಸ್ಕೃತ ಮಹಾಕಾವ್ಯ ಕಿರಾತಾರ್ಜುನೀಯದ ಎರಡನೇ ಸರ್ಗದ ಈ ಶ್ಲೋಕವನ್ನು ಓದುವಾಗ ನನಗೂ ಹೀಗೇ ಆಯಿತು:

ಸಹಸಾ ವಿದಧೀತ ನ ಕ್ರಿಯಾಮವಿವೇಕಃ ಪರಮಾಪದಾಂ ಪದಮ್ |
ವೃಣತೇ ಹಿ ವಿಮೃಶ್ಯಕಾರಿಣಂ ಗುಣಲುಬ್ಧಾಃ ಸ್ವಯಮೇವ ಸಂಪದಃ ||

ಸಂದರ್ಭ ಗೊತ್ತಿರಲಿ. ದ್ರೌಪದಿ ಮತ್ತು ಭೀಮ ಕೂಡಲೇ ಯುದ್ಧಕ್ಕೆ ಹೊರಡೋಣ ಎಂದು ಒತ್ತಾಯಿಸಿದ್ದಾರೆ. ಧರ್ಮರಾಯ ಭೀಮನನ್ನು ಸಮಾಧಾನಪಡಿಸುತ್ತ ಹೇಳುವ ಮಾತಿದು. ದುಡುಕಿ ಯಾವ ಕೆಲಸವನ್ನೂ ಮಾಡಬಾರದು, ಅವಿವೇಕ ಆಪತ್ತುಗಳ ನೆಲೆ ಎಂದು ಮೊದಲ ಸಾಲಿನ ಅರ್ಥ.

ತರಗತಿಯಲ್ಲಿ ಎರಡನೇ ಸಾಲಿನ ಅರ್ಥ ಹೇಳುವ ಸರದಿ ನನ್ನದಾಗಿತ್ತು. “ಯೋಚಿಸಿ ಮಾಡುವವನು ತಾನಾಗಿಯೇ ಸಂಪತ್ತನ್ನು ಆರಿಸಿಕೊಳ್ಳುತ್ತಾನೆ” ಎಂದೆ. ಗುರುಗಳು ಸರಿ ತಪ್ಪು ಏನೂ ಹೇಳದೆ ಒಂದೇ ಪ್ರಶ್ನೆ ಕೇಳಿದರು: “ಕೇ ವೃಣತೇ?” ಕಃ ಅಲ್ಲ, ಕೇ. ಯಾರು ಎಂಬುದನ್ನು ಬಹುವಚನದಲ್ಲಿ ಕೇಳಿದ್ದರು. ಇಡೀ ಟಿಪ್ಪಣಿ ಆ ಪ್ರಶ್ನೆಯ ಸುತ್ತಲೇ ಇದೆ.

ಮೊದಲು ಕ್ರಿಯಾಪದ

ಅನ್ವಯಕ್ಕೆ, ಎಂದರೆ ಶ್ಲೋಕದ ಪದಗಳ ಸಂಬಂಧ ಗುರುತಿಸುವುದಕ್ಕೆ, ಎರಡು ದಾರಿಗಳಿವೆ. ಪದಗಳನ್ನೆಲ್ಲ ಗದ್ಯದ ಕ್ರಮಕ್ಕೆ ತಂದು ಒಟ್ಟಿಗೆ ಅರ್ಥ ಹೇಳುವುದು ದಂಡಾನ್ವಯ. ಕ್ರಿಯಾಪದವನ್ನು ಹಿಡಿದು ಯಾರು, ಯಾರನ್ನು, ಎಂಥವನನ್ನು, ಹೇಗೆ, ಏಕೆ ಎಂದು ಕೇಳುತ್ತ ಒಂದೊಂದೇ ಪದವನ್ನು ಸೇರಿಸುತ್ತ ಹೋಗುವುದು ಖಂಡಾನ್ವಯ. ಹೀಗೆ ಒಂದು ಪದ ಇನ್ನೊಂದನ್ನು ಬಯಸುವುದಕ್ಕೆ ಆಕಾಂಕ್ಷೆ ಎನ್ನುತ್ತಾರೆ. ಕಲಿಯುವವರಿಗೆ ಖಂಡಾನ್ವಯವೇ ಹೆಚ್ಚು ಉಪಕಾರಿ ಎಂದು ನನ್ನ ಖಚಿತ ಅಭಿಪ್ರಾಯ. ದಂಡಾನ್ವಯದಲ್ಲಿ ಗೊತ್ತಿಲ್ಲದ್ದನ್ನು ಊಹೆಯಿಂದ ತುಂಬಿಸಿಬಿಡಬಹುದು. ಪ್ರಶ್ನೆ ಕೇಳುತ್ತ ಹೋದರೆ ಊಹೆಗೆ ಜಾಗವಿಲ್ಲ.

ಈಗ ‘ವೃಣತೇ’. ಲಭತೇ, ವಂದತೇ, ಸೇವತೇ ಎಲ್ಲ ಏಕವಚನ, ಹಾಗಾಗಿ ‘-ತೇ’ ಕಂಡೊಡನೆ ಕಿವಿ ಏಕವಚನ ಎಂದುಕೊಳ್ಳುತ್ತದೆ. ಆದರೆ ‘ವೃ’ ಇಲ್ಲಿ ಒಂಬತ್ತನೆಯ ಗಣದ, ಎಂದರೆ ಕ್ರ್ಯಾದಿಗಣದ ಧಾತು. ಅದರ ರೂಪ ವೃಣೀತೇ, ವೃಣಾತೇ, ವೃಣತೇ. ಮೂರನೆಯದು ಬಹುವಚನ! ಲಭಂತೇ ಎಂಬಲ್ಲಿ ಇರುವ ‘ನ್’ ಇಲ್ಲಿ ಎಲ್ಲಿ ಹೋಯಿತು? ಪಾಣಿನಿಯ ಅಷ್ಟಾಧ್ಯಾಯಿಯ ‘ಆತ್ಮನೇಪದೇಷ್ವನತಃ’ (7.1.5) ಎಂಬ ಸೂತ್ರ ಉತ್ತರಿಸುತ್ತದೆ: ಅಂಗದ (ಪ್ರತ್ಯಯಕ್ಕೆ ಮುಂಚಿನ ಭಾಗದ) ಕೊನೆಯಲ್ಲಿ ಹ್ರಸ್ವ ಅಕಾರ ಇಲ್ಲದಿದ್ದರೆ ಆತ್ಮನೇಪದದ ಬಹುವಚನ ಪ್ರತ್ಯಯಕ್ಕೆ ‘ಅಂತ’ ಬದಲು ‘ಅತ’ ಬರುತ್ತದೆ. ಕುರ್ವತೇ, ಜಾನತೇ, ದಧತೇ ಕೂಡ ಇದೇ ಕಾರಣಕ್ಕೆ ಬಹುವಚನಗಳು. ಈ ಮೂರನ್ನೂ ‘ವೃಣತೇ’ ಜೊತೆ ಸೇರಿಸಿ ಬಾಯಿಪಾಠ ಮಾಡಿಕೊಳ್ಳಿ.

ಇನ್ನೊಂದು ಸೊಗಸು ನನಗೆ ಎರಡು ದಿನ ತಡವಾಗಿ ಕಂಡಿತು. ‘ವೃ’ ಮುಂದೆ ಬರುವ ವಿಕರಣ, ಎಂದರೆ ಧಾತುವಿಗೂ ಪ್ರತ್ಯಯಕ್ಕೂ ನಡುವೆ ಸೇರುವ ಭಾಗ, ‘ನಾ’ (ಪಾಣಿನಿ ಕರೆಯುವುದು ‘ಶ್ನಾ’ ಎಂದು). ‘ವೃಣಾ + ಅತೇ’ ಎಂಬಲ್ಲಿ ಆ ಆಕಾರ ಲೋಪವಾಗಿ ‘ವೃಣತೇ’ ಆಗುತ್ತದೆ. ಸೂತ್ರ: ‘ಶ್ನಾಭ್ಯಸ್ತಯೋರಾತಃ’ (6.4.112). ಹೆಸರೇ ಹೇಳುವಂತೆ ಅದು ಎರಡು ಕಡೆ ಕೆಲಸ ಮಾಡುತ್ತದೆ, ‘ಶ್ನಾ’ ವಿಕರಣದಲ್ಲಿ ಮತ್ತು ದ್ವಿತ್ವವಾದ ‘ಅಭ್ಯಸ್ತ’ದಲ್ಲಿ. ಈಗ ಮೊದಲ ಸಾಲಿನ ‘ವಿದಧೀತ’ ನೋಡಿ. ‘ಧಾ’ ಧಾತು ಜುಹೋತ್ಯಾದಿ, ಎಂದರೆ ಮೂರನೆಯ ಗಣದ್ದು, ದ್ವಿತ್ವವಾಗಿ ‘ದಧಾ’. ವಿಧಿಲಿಙ್ ಆತ್ಮನೇಪದದ ‘ಈತ’ ಸೇರುವಾಗ ಕೊನೆಯ ಆಕಾರ ಇದೇ ಸೂತ್ರದಿಂದ ಲೋಪವಾಗಿ ‘ದಧೀತ’. ಶ್ಲೋಕದಲ್ಲಿರುವ ತಿಙಂತಗಳು (ಕ್ರಿಯಾಪದಗಳು) ಎರಡೇ, ಒಂದೇ ಸೂತ್ರದ ಎರಡು ಭಾಗಗಳಿಗೆ ಒಂದೊಂದು ಉದಾಹರಣೆ. ಅಷ್ಟಾಧ್ಯಾಯಿಯನ್ನು ಜಾಲತಾಣದಲ್ಲಿ ತೆರೆದು ಅದರ ವ್ಯಾಖ್ಯಾನವಾದ ಕಾಶಿಕಾವೃತ್ತಿ ಓದುತ್ತಿದ್ದಾಗ ಇದು ಹೊಳೆದ ಸಂತೋಷ ಇಷ್ಟೆಂದು ಹೇಳಲಾರೆ.

ಕೇ ವೃಣತೇ?

ಬಹುವಚನ ಕರ್ತೃ ಬೇಕು. ‘ಸಂಪದಃ’ ಎಂಬ ರೂಪ ಪ್ರಥಮಾ ಬಹುವಚನ ಆಗಬಹುದು, ದ್ವಿತೀಯಾ ಬಹುವಚನ ಆಗಬಹುದು, ಪಂಚಮೀ ಅಥವಾ ಷಷ್ಠೀ ಏಕವಚನವೂ ಆಗಬಹುದು. ನಾನು ದ್ವಿತೀಯೆ ಎಂದುಕೊಂಡಿದ್ದೆ. ಆದರೆ ‘ವಿಮೃಶ್ಯಕಾರಿಣಮ್’ ಸ್ಪಷ್ಟವಾಗಿ ದ್ವಿತೀಯಾ ಏಕವಚನ, ಅವನು ಕರ್ತೃ ಆಗಲಾರ. ಉಳಿದದ್ದು ಸಂಪದಃ, ಅದಕ್ಕೆ ವಿಶೇಷಣ ಗುಣಲುಬ್ಧಾಃ. ಸಂಪತ್ತುಗಳೇ ಅವನನ್ನು ವರಿಸುತ್ತವೆ.

ಸಂಪದ್ ಶಬ್ದ ಸಂಸ್ಕೃತದಲ್ಲಿ ಸ್ತ್ರೀಲಿಂಗ, ಕನ್ನಡದಲ್ಲಿ ಸಂಪತ್ತು ನಪುಂಸಕ. ನಮ್ಮ ಭಾಷೆಯಲ್ಲಿ ಲಿಂಗ ಅರ್ಥವನ್ನು ಅನುಸರಿಸುತ್ತದೆ, ಅಲ್ಲಿ ಶಬ್ದವನ್ನು. ಆದ್ದರಿಂದ ಕನ್ನಡದ ಕಿವಿಗೆ ಈ ಸಾಲಿನ ಚಿತ್ರವೇ ಕಾಣುವುದಿಲ್ಲ. ‘ವೃ’ ಎಂದರೆ ವರನಾಗಿ ಆರಿಸು ಎಂದೂ ಹೌದು. ‘ಸ್ವಯಮೇವ’ ಪಕ್ಕದಲ್ಲೇ ಇದೆ. ಗುಣಕ್ಕೆ ಮನಸೋತ ಸಂಪತ್ತೆಂಬ ಕನ್ಯೆಯರು ತಾವಾಗಿಯೇ ಬಂದು, ಯೋಚಿಸಿ ನಡೆಯುವವನಿಗೆ ಮಾಲೆ ಹಾಕುತ್ತಿದ್ದಾರೆ. ಇದು ಸ್ವಯಂವರ. ಸ್ತ್ರೀಲಿಂಗವನ್ನು ಗಮನಿಸದೆ ಇದನ್ನು ಬರಿಯ ನೀತಿವಾಕ್ಯವಾಗಿ ಓದಿದರೆ ಕಾವ್ಯ ಕೈತಪ್ಪಿತು.

ಪರಿಚಿತ ಪದಗಳ ಬಗ್ಗೆ

‘ಲುಬ್ಧ’ ಎಂದರೆ ಕನ್ನಡದಲ್ಲಿ ಜಿಪುಣ. ಇಲ್ಲಿ ಆಸೆಪಟ್ಟ, ಸೆಳೆತಕ್ಕೊಳಗಾದ ಎಂದರ್ಥ. ‘ಸಹಸಾ’ ಅವ್ಯಯ, ಹಿಂದೆಮುಂದೆ ನೋಡದೆ ಎಂದು. ಅದರ ಸಂಬಂಧಿಯಾದ ‘ಸಾಹಸ’ ಸಂಸ್ಕೃತದಲ್ಲಿ ದುಡುಕಿನ ಅಥವಾ ಬಲಾತ್ಕಾರದ ಕೆಲಸವನ್ನೂ ಹೇಳುತ್ತದೆ, ನಮ್ಮಲ್ಲಿ ಮೆಚ್ಚುಗೆಯ ಮಾತಾಗಿದೆ. ‘ಪದ’ ಇಲ್ಲಿ ಹಾಡೂ ಅಲ್ಲ, ಶಬ್ದವೂ ಅಲ್ಲ, ನೆಲೆ. ಸಮಾಧಾನದ ಸಂಗತಿಯೆಂದರೆ ‘ವಿಮೃಶ್ಯ’. ನಮ್ಮ ‘ವಿಮರ್ಶೆ’ಯ ಧಾತುವೇ ಅದು, ಅರ್ಥವೂ ಹತ್ತಿರ. ಉಪಸರ್ಗ ಇರುವುದರಿಂದ ‘ಮಾಡಿ’, ‘ಯೋಚಿಸಿ’ ಎಂಬಂಥ ಅರ್ಥದ ‘ಕ್ತ್ವಾ’ ಪ್ರತ್ಯಯದ ಬದಲು ‘ಲ್ಯಪ್’ ಬಂದಿದೆ, ಅಷ್ಟೇ.

ಮೊದಲ ಸಾಲಿನಲ್ಲಿ ನಿಲ್ಲಬೇಕಾದ್ದು ‘ಪರಮಾಪದಾಂ’ ಹತ್ತಿರ. ‘ಪರಮ್ + ಆಪದಾಮ್’ ಎಂದೂ ಬಿಡಿಸಬಹುದು, ‘ಪರಮ + ಆಪದಾಮ್’ ಎಂದು ಕರ್ಮಧಾರಯವಾಗಿಯೂ ಬಿಡಿಸಬಹುದು. ಬರೆದರೂ ಉಚ್ಚರಿಸಿದರೂ ಎರಡೂ ಒಂದೇ. ಮೊದಲನೆಯದರಲ್ಲಿ ಅವಿವೇಕವು ಆಪತ್ತುಗಳ ಪರಮ ನೆಲೆ, ಎರಡನೆಯದರಲ್ಲಿ ಪರಮ ಆಪತ್ತುಗಳ ನೆಲೆ. ಪದಚ್ಛೇದ ಮಾಡಿಕೊಡುವ ತಂತ್ರಾಂಶಗಳು ಸಾಧ್ಯವಿರುವ ಬಿಡಿಕೆಗಳನ್ನೆಲ್ಲ ಮುಂದಿಡುತ್ತವೆ. ಆಯ್ಕೆ ಮಾತ್ರ ಓದುಗನದು. ನನಗೆ ಮೊದಲನೆಯದು ಹೆಚ್ಚು ಹಿಡಿಸಿತು, ‘ಪರಂ ಪದಮ್’ ಎಂಬ ಜೋಡಿಗೆ ಬಲ ಹೆಚ್ಚು. ‘ಅವಿವೇಕಃ’ ಪುಂಲಿಂಗ, ‘ಪದಮ್’ ನಪುಂಸಕ ಎಂದು ಗಾಬರಿಯಾಗಬೇಡಿ. ಉದ್ದೇಶ್ಯ, ವಿಧೇಯಗಳಿಗೆ ವಿಭಕ್ತಿ ಒಂದಾದರೆ ಸಾಕು. ಪದ ಶಬ್ದ ತನ್ನ ಲಿಂಗ ಬಿಡುವುದಿಲ್ಲ.

ಕೊನೆಯಲ್ಲಿ ವ್ಯಾಖ್ಯಾನ ತೆರೆಯಿರಿ, ಮೊದಲಲ್ಲ. ಮಲ್ಲಿನಾಥ ಈ ಕಾವ್ಯಕ್ಕೆ ಬರೆದ ವ್ಯಾಖ್ಯಾನದ ಹೆಸರು ಘಂಟಾಪಥ. ಭಾರವಿಯ ಮಾತು ತೆಂಗಿನಕಾಯಿಯಂತೆ ಎಂದವನು ಅವನೇ. ಕಾಯನ್ನು ನಾವೇ ಒಂದು ಸಲ ಒಡೆಯಲು ನೋಡಿದ ಮೇಲೆ ಅವನ ಒಂದೊಂದು ಪದವೂ ಯಾವ ಪ್ರಶ್ನೆಗೆ ಉತ್ತರವೆಂದು ತಿಳಿಯುತ್ತದೆ.

ಭಾರವಿ ನಮಗೆ ದೂರದವನೂ ಅಲ್ಲ. ಇಮ್ಮಡಿ ಪುಲಿಕೇಶಿಯ ಕಾಲದ, ಐಹೊಳೆಯ ಮೇಗುಟಿ ಗುಡಿಯ ಶಾಸನದಲ್ಲಿ, ಸುಮಾರು ಕ್ರಿ.ಶ. 634ರಲ್ಲಿ, ಅದನ್ನು ಬರೆದ ಕವಿ ರವಿಕೀರ್ತಿ ತನ್ನನ್ನು ಕಾಳಿದಾಸ, ಭಾರವಿಯರ ಕೀರ್ತಿಗೆ ಹೋಲಿಸಿಕೊಂಡಿದ್ದಾನೆ. ಗಂಗರ ದೊರೆ ದುರ್ವಿನೀತ ಇದೇ ಕಾವ್ಯದ 15ನೇ ಸರ್ಗಕ್ಕೆ ಟೀಕೆ ಬರೆದನೆಂದು ತಾಮ್ರಶಾಸನ ಹೇಳುತ್ತದೆ. ಮೇಗುಟಿ ಗುಡಿಯ ಗೋಡೆಯ ಮೇಲಿನ ಭಾರವಿಯ ಹೆಸರನ್ನು ನೆನೆದು ಓದಿದರೆ ನನಗಂತೂ ಶ್ಲೋಕ ಇನ್ನಷ್ಟು ಹತ್ತಿರವಾಗುತ್ತದೆ.

ಅಭ್ಯಾಸಕ್ಕೆ ಒಂದು ಸಾಲು: ಉದ್ಯೋಗಿನಂ ಪುರುಷಸಿಂಹಮುಪೈತಿ ಲಕ್ಷ್ಮೀಃ. ‘ಉಪೈತಿ’ಯಿಂದ ಆರಂಭಿಸಿ, ಕಾ (ಯಾರು) ಎಂದು ಕೇಳಿ, ಕಮ್ (ಯಾರನ್ನು) ಎಂದು ಕೇಳಿ, ಕೀದೃಶಮ್ (ಎಂಥವನನ್ನು) ಎಂದು ಕೇಳಿ. ‘ಉದ್ಯೋಗಿ’ ಎಂದರೆ ಇಲ್ಲಿ ಕೆಲಸದಲ್ಲಿರುವವನಲ್ಲ, ಪ್ರಯತ್ನಶೀಲ. ಲಕ್ಷ್ಮಿ ಯಾರ ಬಳಿಗೆ ನಡೆದು ಬರುತ್ತಿದ್ದಾಳೆ ಎಂಬುದನ್ನು ವಿಭಕ್ತಿಗಳಿಂದಲೇ ಬರೆದು ನೋಡಿ.