ನೌಕರಿಗೆ ಸಾಕ್ಷಿ ಇದೆ, ಕೆಲಸಕ್ಕೆ ಇಲ್ಲ

ನರ್ಸಿಂಗ್ ಕಲಿಯಲು ಬರುವ ಮಕ್ಕಳಿಗೆ ಮೊದಲ ಪೆಟ್ಟು ಕೊಡುವುದು ಅನಾಟಮಿ ಅಲ್ಲ, ಬೆಡ್‌ಪ್ಯಾನ್, ಅಂದರೆ ಎದ್ದು ಹೋಗಲಾರದ ರೋಗಿಯ ಮಲಮೂತ್ರಕ್ಕೆ ಹಾಸಿಗೆಯಲ್ಲೇ ಇಡುವ ಪಾತ್ರೆ. ಇಪ್ಪತ್ತು ವರ್ಷಕ್ಕೂ ಜಾಸ್ತಿ ವಾರ್ಡಿನಲ್ಲಿ ಕಳೆದು ಈಗ ಬೀದರ್‌ನಲ್ಲಿ ಪಾಠ ಮಾಡುತ್ತಿದ್ದೇನೆ. ಪ್ರತಿ ಬ್ಯಾಚಿನಲ್ಲೂ ಇದನ್ನು ನೋಡುತ್ತೇನೆ. ಔರಾದ್ ಕಡೆಯ ಒಬ್ಬ ಹುಡುಗಿ ನೇರವಾಗಿಯೇ ಕೇಳಿದಳು: "ಮೇಡಂ, ಇದಕ್ಕೇನ್ರಿ ನಾ ಬಿ.ಎಸ್ಸಿಗೆ ಬಂದಿದ್ದು? ಚರ್ಚಿನಾಗ ಇದು ದೇವರ ಸೇವಾ ಅಂತಾರ. ನನಗಂತೂ ಏನೂ ಅನ್ಸಲ್ರಿ."

ಒಂದು ಒಳ್ಳೆ ಮಾತು ಹೇಳಿ ಕಳಿಸಬಹುದಿತ್ತು. ಕಳಿಸಲಿಲ್ಲ. ಅವಳು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ನಮ್ಮ ಕಡೆ 'ಸೇವೆಯಲ್ಲಿದ್ದಾರೆ' ಅಂದರೆ ಪಾಸ್ಟರ್ ಅಂತ ಅರ್ಥ. ಉಳಿದವರದ್ದೆಲ್ಲ ಡ್ಯೂಟಿ, ಕೂಲಿ, ಅಂಗಡಿ. ಭಾನುವಾರ ಚರ್ಚಿನಲ್ಲಿ ಸಾಕ್ಷಿ ಹೇಳುವಾಗ, ಅಂದರೆ ದೇವರು ತಮಗೆ ಮಾಡಿದ್ದನ್ನು ಎಲ್ಲರೆದುರು ಹೇಳುವಾಗ, ಗಮನಿಸಿ. ಮಗನಿಗೆ ನೌಕರಿ ಸಿಕ್ಕಿತು, ಟ್ರಾನ್ಸ್‌ಫರ್ ಆಯಿತು, ಪ್ರಮೋಷನ್ ಬಂತು, ಕರ್ತನಿಗೆ ಸ್ತೋತ್ರ. ಆ ನೌಕರಿಯಲ್ಲಿ ಮಂಗಳವಾರ ಮಧ್ಯಾಹ್ನ ನಾನು ಏನು ಮಾಡಿದೆ ಅಂತ ಎದ್ದು ನಿಂತು ಹೇಳಿದವರನ್ನು ನಾನಂತೂ ನೋಡಿಲ್ಲ. ನಾನೂ ಹೇಳಿಲ್ಲ ಬಿಡಿ.

ಬೈಬಲ್ ಮಾತ್ರ ಕೈಕೆಲಸಕ್ಕೆ ನಾಚುವುದಿಲ್ಲ. ಮನುಷ್ಯನನ್ನು ತೋಟದಲ್ಲಿಟ್ಟು ಅದನ್ನು ದುಡಿದು ಕಾಯಲು ಹೇಳುವುದು ಆದಿಕಾಂಡದ 2ನೇ ಅಧ್ಯಾಯದಲ್ಲಿ. ಶಾಪ, ಮುಳ್ಳು, ಬೆವರು ಬರುವುದು 3ನೇ ಅಧ್ಯಾಯದಲ್ಲಿ. ಕೆಲಸ ಮೊದಲು ಬಂತು, ಅದರೊಳಗಿನ ದಣಿವು ಆಮೇಲೆ. ವಿಮೋಚನಕಾಂಡದ 31ನೇ ಅಧ್ಯಾಯದಲ್ಲಿ ದೇವರ ಆತ್ಮ ತುಂಬುವುದು ಬೆಚಲೇಲ ಎಂಬ ಕುಶಲಕರ್ಮಿಯಲ್ಲಿ. ಬಂಗಾರ, ಬೆಳ್ಳಿ, ತಾಮ್ರ, ಮರ ಅವನ ಕೆಲಸ. ಬಿದರಿಯವರು ಸತುವಿನ ಮಿಶ್ರಲೋಹದ ಮೇಲೆ ಬೆಳ್ಳಿ ತಂತಿ ಕೂರಿಸುವ ಊರಿನಲ್ಲಿ ಕೂತು ಓದಿದರೆ ಆ ಅಧ್ಯಾಯದ ರುಚಿಯೇ ಬೇರೆ. ಯೇಸು ಬಡಗಿ, ಅವನ ಸುವಾರ್ತೆ ಸಾರಿದ ಪೌಲ ಡೇರೆ ಹೊಲಿಯುವವನು. ಇವೆಲ್ಲ ಗೊತ್ತಿದ್ದದ್ದೇ, ಅಲ್ವಾ?

ಆದರೆ ಇಲ್ಲಿಂದ ಸುಮ್ನೆ 'ಎಲ್ಲ ಕೆಲಸವೂ ಪವಿತ್ರ' ಅಂತ ಹಾರಿಬಿಡುವುದು ನನಗೆ ಇಷ್ಟವಿಲ್ಲ. ಬೀದರ್ ಜಿಲ್ಲೆಯ ಮೆಥೋಡಿಸ್ಟ್ ಕ್ರೈಸ್ತ ಕುಟುಂಬಗಳಲ್ಲಿ ಬಹಳ ಜನ ದಲಿತ ಕೇರಿಗಳಿಂದ ಬಂದವರು. ನಮ್ಮ ಅಜ್ಜ ನಿಜಾಮರ ಕಾಲದಲ್ಲಿ ಗೌಡರ ಮನೆಗೆ ಬಿಟ್ಟಿ ಚಾಕರಿ ಮಾಡಿದವರು. ಅದು ದೇವರು ಕೊಟ್ಟ ಕರೆ ಅಂತ ಅವರಿಗೆ ಯಾರಾದರೂ ಹೇಳಿದ್ದರೆ ಅದು ಸುವಾರ್ತೆ ಆಗುತ್ತಿರಲಿಲ್ಲ. ಕರೆದಾಗ ಯಾವ ಸ್ಥಿತಿಯಲ್ಲಿದ್ದಿರೋ ಅದರಲ್ಲೇ ಇರಿ ಎಂದು ಪೌಲ 1 ಕೊರಿಂಥ 7:20ರಲ್ಲಿ ಬರೆದದ್ದನ್ನು ಕೆಲವರು ಉತ್ಸಾಹದಿಂದ ಓದುತ್ತಾರೆ. ಮುಂದಿನ ವಚನದಲ್ಲೇ ಅವನು ದಾಸನಿಗೆ, ಬಿಡುಗಡೆ ಸಿಗುವುದಾದರೆ ತೆಗೆದುಕೋ ಅನ್ನುತ್ತಾನೆ. ಮಲ ಹೊರಿಸುವುದನ್ನು 2013ರ ಕಾಯ್ದೆ ಅಪರಾಧ ಎಂದಿದೆ. ಆ ಕೆಲಸದಲ್ಲಿ ಅರ್ಥ ಹುಡುಕಬಾರದು, ಅದನ್ನು ಬಿಡಿಸಬೇಕು.

ಹಾಗಾದರೆ ಬೆಡ್‌ಪ್ಯಾನ್ ಯಾಕೆ ಬೇರೆ? ನರ್ಸ್ ಇದನ್ನು ಆರಿಸಿಕೊಂಡು ಬಂದಿದ್ದಾಳೆ. ಅವಳಿಗೆ ಗ್ಲೌಸ್ ಇದೆ, ಸಂಬಳ ಇದೆ, ಬೇಡವೆಂದರೆ ಬಿಟ್ಟು ಹೋಗಬಹುದು. ಮಂಚದ ಮೇಲಿರುವ ಮನುಷ್ಯ ಎಲ್ಲಿಗೂ ಹೋಗಲಾರ.

ಸಂಬಳ ಅಂದೆ. ನಾನು ಹಿಂದೆ ಇದ್ದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸ್‌ಗಳ ಡ್ಯೂಟಿ ರೂಮಿನ ಗೋಡೆಗೆ ಕೊಲೊಸ್ಸೆ 3:23 ಬರೆಸಿ ಹಾಕಿದ್ದರು. ಏನು ಮಾಡಿದರೂ ಮನುಷ್ಯರಿಗಾಗಿ ಅಲ್ಲ, ಕರ್ತನಿಗಾಗಿ ಎಂದು ಮನಸ್ಸಿಟ್ಟು ಮಾಡಿ ಅನ್ನುವ ವಚನ. ಅದರ ಕೆಳಗೆ ಕೂತು ನಾವು ಮೂರು ತಿಂಗಳ ಸಂಬಳಕ್ಕೆ ಕಾದೆವು. ಆ ಮಾತನ್ನು ಪೌಲ ಹೇಳಿದ್ದು ದಾಸರಿಗೆ. ಅವರ ದುಡಿಮೆಯನ್ನು ಯಜಮಾನ ಲೆಕ್ಕಕ್ಕೆ ಇಡದಿದ್ದರೂ ನೋಡುವವನೊಬ್ಬ ಇದ್ದಾನೆ ಎಂಬ ಧೈರ್ಯಕ್ಕೆ. ಎರಡೇ ವಚನ ದಾಟಿದರೆ 4:1. ಯಜಮಾನರೇ, ನಿಮ್ಮ ದಾಸರಿಗೆ ನ್ಯಾಯವಾದದ್ದನ್ನು ಕೊಡಿ, ನಿಮಗೂ ಪರಲೋಕದಲ್ಲಿ ಯಜಮಾನನಿದ್ದಾನೆ ಅನ್ನುತ್ತದೆ. ಅದನ್ನು ಎಂಡಿ ಕ್ಯಾಬಿನ್‌ನಲ್ಲಿ ಯಾರೂ ಹಾಕಿರಲಿಲ್ಲ.

ಬೆಡ್‌ಪ್ಯಾನಿಗೆ ಹತ್ತಿರದ ಮಾತು ಹೇಳಿದವರು ಜರ್ಮನಿಯ ಚರ್ಚ್ ಸುಧಾರಕ ಮಾರ್ಟಿನ್ ಲೂಥರ್. 1522ರಲ್ಲಿ ಮದುವೆಯ ಬಗ್ಗೆ ಬರೆಯುತ್ತಾ, ಮಗುವಿನ ಹೊಲಸು ಬಟ್ಟೆ ಒಗೆಯುವ ಅಪ್ಪನನ್ನು ಕಂಡು ಜನ ನಗಬಹುದು, ಆದರೆ ದೇವರು ದೂತರೊಂದಿಗೆ ಸಂತೋಷದಿಂದ ನಗುತ್ತಾನೆ ಅಂದರು. ಅವರ ವಾದದ ತಿರುಳು ಇಷ್ಟು: ನಮ್ಮ ಕೆಲಸದಿಂದ ದೇವರಿಗೆ ಆಗಬೇಕಾದದ್ದು ಏನೂ ಇಲ್ಲ, ನೆರೆಯವನಿಗೆ ಇದೆ. ಇದು ನನಗೆ ಬೇಗ ತಲೆಗೆ ಹೋದದ್ದು ಬಸವಕಲ್ಯಾಣದ ಶರಣರಿಂದ. ಕಾಯಕದ ಜೊತೆ ದಾಸೋಹ ಇರಲೇಬೇಕು ಅಂತ ಶಾಲೆಯಲ್ಲೇ ಕಲಿತಿದ್ದೆವಲ್ಲ. ದುಡಿಮೆಯ ಮುಖ ಇನ್ನೊಬ್ಬರ ಕಡೆ.

ವಾರ್ಡಿನಲ್ಲಿ ಇದನ್ನು ನಾನು ತೋರಿಸುವುದು ಹೀಗೆ. ಲಕ್ವ ಹೊಡೆದ ರೋಗಿ ತಾನಾಗಿ ಮಗ್ಗಲು ಬದಲಿಸಲಾರ. ಒಂದೇ ಕಡೆ ಮಲಗಿದರೆ ಸೊಂಟದ ಹಿಂದಿನ ಎಲುಬು, ಹಿಮ್ಮಡಿ, ಹೆಗಲಿನ ಹಿಂಭಾಗದ ಚರ್ಮ ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕಿಕೊಳ್ಳುತ್ತದೆ. ರಕ್ತ ಓಡುವುದಿಲ್ಲ. ಮೊದಲು ಕೆಂಪಗಾಗುತ್ತದೆ, ಆಮೇಲೆ ಹುಣ್ಣು, ಬಿಟ್ಟರೆ ಎಲುಬಿನವರೆಗೂ ಕೊರೆಯುತ್ತದೆ. ಅದಕ್ಕೇ ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗಲು ಹೊಳ್ಳಿಸುತ್ತೇವೆ. ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ದಿಂಬು, ಚಾರ್ಟಿನಲ್ಲಿ ಟೈಮು. ಚೆನ್ನಾಗಿ ಮಾಡಿದ ಕೆಲಸದ ಗುರುತು ಏನು ಗೊತ್ತಾ? ಏನೂ ಆಗಿಲ್ಲ ಅನ್ನುವುದು. ಆಗದೇ ಹೋದ ಹುಣ್ಣಿಗೆ ಯಾರೂ ಥ್ಯಾಂಕ್ಸ್ ಹೇಳುವುದಿಲ್ಲ. ಸಾಕ್ಷಿ ಹೇಳಲೂ ಬರುವುದಿಲ್ಲ.

ಇನ್ನು 'ಏನೂ ಅನ್ಸಲ್ರಿ' ಅನ್ನುವುದಕ್ಕೆ. ಮತ್ತಾಯ 25ರಲ್ಲಿ ಯೇಸು ಹೇಳುವ ನ್ಯಾಯತೀರ್ಪಿನ ಮಾತಿನಲ್ಲಿ ಅರಸನು ನೀತಿವಂತರಿಗೆ, ನಾನು ರೋಗದಲ್ಲಿದ್ದೆ, ನೀವು ನನ್ನನ್ನು ನೋಡಿಕೊಂಡಿರಿ ಅನ್ನುತ್ತಾನೆ. ಆ ನೀತಿವಂತರು ಏನು ಕೇಳುತ್ತಾರೆ? ಯಾವಾಗ ಸ್ವಾಮೀ? ಅವರಿಗೆ ನೆನಪೇ ಇಲ್ಲ. ಆ ಹೊತ್ತಿನಲ್ಲಿ ಅವರಿಗೂ ಏನೂ ಅನಿಸಿರಲಿಲ್ಲ ಅಂತ ಕಾಣುತ್ತದೆ. ನೀರು ಕೊಟ್ಟರು, ಬಟ್ಟೆ ಕೊಟ್ಟರು, ಮನೆಗೆ ಹೋದರು. ಇದನ್ನೇ ಆ ಹುಡುಗಿಗೆ ಓದಿ ತೋರಿಸಿದೆ. ತಲೆ ಅಲ್ಲಾಡಿಸಿದಳು, ಒಪ್ಪಿದಳೋ ಇಲ್ಲವೋ ಗೊತ್ತಾಗಲಿಲ್ಲ.

ಈಗ ಅವಳು ಕಲಬುರಗಿಯಲ್ಲಿ ಕೆಲಸಕ್ಕಿದ್ದಾಳೆ. ಮೊನ್ನೆ ನೈಟ್ ಡ್ಯೂಟಿ ನಡುವೆ ಫೋನ್ ಮಾಡಿದ್ದಳು.

"ಮೇಡಂ, ಇನ್ನೂ ಏನೂ ಅನ್ಸಲ್ರಿ."

"ನಿನ್ನ ವಾರ್ಡಿನ ಮುತ್ಯಾನ ಹೊಳ್ಳಿಸಿದಿ?"

"ಎರಡಕ್ಕ ಹೊಳ್ಳಿಸೀನ್ರಿ. ನಾಕಕ್ಕ ಮತ್ತ."