ಪದ ಪರಿಚಯ: ತರಗತಿ ನಿರ್ವಹಣೆ

ಮುಂಬೈಯಲ್ಲಿ ಶಾಲೆ ಶುರುವಾಗುವುದೂ ಮಳೆ ಹಿಡಿಯುವುದೂ ಹೆಚ್ಚುಕಡಿಮೆ ಒಟ್ಟಿಗೇ, ಜೂನ್ ನಡುವಿಗೆ. ಇಲ್ಲಿನ ಒಂದು ಕನ್ನಡ ಮಾಧ್ಯಮ ಶಾಲೆಗೆ ನಾನು ಸೇರಿದ ಮೊದಲ ವಾರ. ಐದನೇ ಕ್ಲಾಸಿನಲ್ಲಿ 28 ಮಕ್ಕಳು, 28 ಒದ್ದೆ ಛತ್ರಿ. ಬಹುಪಾಲು ಕಪ್ಪು. ಬೆಂಚಿನ ಕೆಳಗಿಟ್ಟ ಒಂದು ಛತ್ರಿಯ ನೀರು ಹರಿದು ಮುಂದಿನವನ ಚೀಲ ತೊಯ್ದುಹೋಯಿತು. ಅವನು ತಿರುಗಿ ಒಂದು ಬಿಟ್ಟ. ಇವನು ಅತ್ತ. ನಾನು ಕಿರುಚಿದೆ. ಅದೇ ಹೊತ್ತಿಗೆ ಬಾಗಿಲಲ್ಲಿ ಕಾಣಿಸಿಕೊಂಡ ಹೆಡ್‌ಮಾಸ್ಟರು, "ಟೀಚರ್, ನಿಮಗೆ ಕ್ಲಾಸ್ ಕಂಟ್ರೋಲ್ ಇಲ್ಲ" ಅಂದರು. ಮಕ್ಕಳ ಎದುರಿಗೇ.

'ತರಗತಿ ನಿರ್ವಹಣೆ' ಎಂಬ ಪದವನ್ನು ಡಿ.ಎಡ್. ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಅರ್ಥ ಹೊಳೆದದ್ದು ಮಾತ್ರ ಆ ಛತ್ರಿಗಳಿಂದ.

ಪುಸ್ತಕದಲ್ಲಿ ತರಗತಿ ನಿರ್ವಹಣೆ, ಸ್ಟಾಫ್ ರೂಮಿನಲ್ಲಿ ಕ್ಲಾಸ್ ಕಂಟ್ರೋಲ್. ಎರಡೂ ಒಂದೇ ಅಂತ ಬಳಸುತ್ತೇವೆ, ಆದರೆ ಒಂದೇ ಅಲ್ಲ. ಕಂಟ್ರೋಲ್ ಅಂದರೆ ಗಲಾಟೆ ಎದ್ದ ಮೇಲೆ ಅದನ್ನು ಅಡಗಿಸುವುದು. 'ನಿರ್ವಹಣೆ'ಯೊಳಗೆ 'ವಹ' ಇದೆ, ಹೊರುವುದು ಎಂಬ ಅರ್ಥದ್ದು. ವಾಹನದಲ್ಲಿರುವುದೂ ಅದೇ. ಕೊನೆಯವರೆಗೆ ಹೊತ್ತು ಮುಟ್ಟಿಸುವುದೇ ನಿರ್ವಹಣೆ. ಯಾರು ಎಲ್ಲಿ ಕೂರಬೇಕು, ಚೀಲ ಎಲ್ಲಿ, ನೀರಿಗೆ ಹೋಗಲು ಯಾರನ್ನು ಕೇಳಬೇಕು, ಬರೆದು ಮುಗಿಸಿದವರು ಏನು ಮಾಡಬೇಕು. ಇವನ್ನೆಲ್ಲ ಮೊದಲೇ ಗೊತ್ತುಮಾಡಿ, ಮಕ್ಕಳಿಗೆ ರೂಢಿ ಮಾಡಿಸುವುದೂ ಅದರೊಳಗೇ ಬರುತ್ತದೆ. ಛತ್ರಿ ಎಲ್ಲಿ ಎಂಬುದೂ ಬರುತ್ತದೆ ಅನ್ನಿ.

ಈ ವಿಷಯವನ್ನು ಹತ್ತಿರದಿಂದ ನೋಡಿದವರು ಜೇಕಬ್ ಕೌನಿನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ. ಅವರ ಕಥೆ ಶುರುವಾಗುವುದೂ ಒಂದು ಬೈಗುಳದಿಂದಲೇ. ಪಾಠದ ನಡುವೆ ಪೇಪರ್ ಓದುತ್ತಿದ್ದ ಒಬ್ಬ ವಿದ್ಯಾರ್ಥಿಯನ್ನು ಗದರಿದರು. ಸುಮ್ಮನೆ ಕೂತಿದ್ದ ಉಳಿದವರೂ ನೆಟ್ಟಗಾದರು! ಹಾಗಾದರೆ ಗದರುವುದರಲ್ಲೂ ಒಳ್ಳೆಯ ವಿಧಾನ ಇರಬೇಕು ಅಂತ ಹುಡುಕಲು ಹೊರಟರು. ಶಾಲೆಯ ತರಗತಿಗಳನ್ನೇ ವಿಡಿಯೋ ಮಾಡಿ ನೋಡಿದರು. 1970ರಲ್ಲಿ ಪ್ರಕಟಿಸಿದ ಫಲಿತಾಂಶ ತಮಾಷೆಯಾಗಿದೆ. ಚೆನ್ನಾಗಿ ನಡೆಯುವ ಕ್ಲಾಸಿನ ಟೀಚರೂ ನಡೆಯದ ಕ್ಲಾಸಿನ ಟೀಚರೂ ಗದರುವ ರೀತಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ವ್ಯತ್ಯಾಸ ಇದ್ದದ್ದು ಗಲಾಟೆ ಏಳುವುದಕ್ಕೆ ಮೊದಲು ಅವರು ಏನು ಮಾಡುತ್ತಿದ್ದರು ಎಂಬುದರಲ್ಲಿ.

ಅವರು ಗುರುತಿಸಿದ ಗುಣಗಳಲ್ಲಿ ಮೊದಲನೆಯದಕ್ಕೆ ಇಂಗ್ಲಿಷಿನಲ್ಲಿ 'ವಿತ್‌ಇಟ್‌ನೆಸ್' ಅಂತ ಹೆಸರು. ನಮ್ಮಲ್ಲಿ ಬೆನ್ನಿಗೂ ಕಣ್ಣಿದೆ ಅನ್ನುತ್ತೇವಲ್ಲ, ಅದೇ. ಬೋರ್ಡಿನಲ್ಲಿ ಬರೆಯುತ್ತಲೇ, "ಕೊನೇ ಬೆಂಚು, ಆ ರಬ್ಬರು ಅವನಿಗೆ ಕೊಡು" ಅನ್ನುವ ಟೀಚರು ಎಲ್ಲ ಶಾಲೆಯಲ್ಲೂ ಒಬ್ಬರಾದರೂ ಇರುತ್ತಾರೆ. ಆದರೆ ರಬ್ಬರು ಎಳೆದವನನ್ನೇ ಹಿಡಿಯಬೇಕು. ಪಕ್ಕದವನನ್ನು ಹಿಡಿದರೆ ಟೀಚರಿಗೆ ಕಾಣುವುದಿಲ್ಲ ಅಂತ ಇಡೀ ಕ್ಲಾಸಿಗೆ ಗೊತ್ತಾಗಿಬಿಡುತ್ತದೆ.

ಇನ್ನೊಂದು, ಒಟ್ಟಿಗೆ ಮುಗಿಸಬಹುದಾದದ್ದನ್ನು ಒಬ್ಬೊಬ್ಬರಿಂದ ಮಾಡಿಸುತ್ತಾ ಕೂರುವ ತಪ್ಪು. ನಾನಂತೂ ಹೋಂವರ್ಕ್ ಪುಸ್ತಕಗಳನ್ನು ಹೆಸರು ಕರೆದು ಹಂಚುತ್ತಿದ್ದೆ. ಕೊನೆಯ ಹೆಸರು ಬರುವಷ್ಟರಲ್ಲಿ ಕ್ಲಾಸು ಮೀನು ಮಾರ್ಕೆಟ್. ಈಗ ಬೆಂಚಿನ ಸಾಲಿಗೆ ಒಂದರಂತೆ ಕಟ್ಟು ಮಾಡಿ ಮುಂದಿನವರ ಕೈಗೆ ಕೊಡುತ್ತೇನೆ, ಅದು ಹಿಂದಕ್ಕೆ ಸಾಗುತ್ತದೆ. ಒಂದು ನಿಮಿಷವೂ ಬೇಡ.

ಇಲ್ಲಿನ ಮರಾಠಿ ಶಾಲೆಗಳಲ್ಲಿ 'ಹಾತಾಚಿ ಘಡಿ, ತೋಂಡಾವರ್ ಬೋಟ್' ಅನ್ನುತ್ತಾರೆ. ಕೈ ಕಟ್ಟು, ಬಾಯಿ ಮೇಲೆ ಬೆರಳು. ನಮ್ಮದು 'ಕೈ ಕಟ್, ಬಾಯ್ ಮುಚ್'. ಕಲಬುರಗಿ ಕಡೆಯಿಂದ ಬಂದ ಮಕ್ಕಳಿಗೆ ಮನೆಯಲ್ಲಿ 'ಗಪ್ಪ್ ಕುಂದ್ರು', ಹೊರಗೆ ಮರಾಠಿಯ 'ಗಪ್ಪ ಬಸ್'. ಈ ಒಂದು ಪದಕ್ಕೆ ಮಾತ್ರ ಅನುವಾದವೇ ಬೇಡ! ನಾನೂ ಹೇಳುತ್ತೇನೆ, ಸುಳ್ಳು ಯಾಕೆ. ಎರಡು ನಿಮಿಷಕ್ಕೆ ಕೆಲಸ ಮಾಡುತ್ತದೆ. ಆದರೆ ಬೆರಳು ಬಾಯಿ ಮೇಲಿರುವ ಮಗು ಉತ್ತರವನ್ನೂ ಹೇಳಲಾರದು, ಅಲ್ವಾ?

ಬೆತ್ತದ ಮಾತು ಈಗ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆಯುವುದನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಅದು ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. 'ಹೊಡೆಯೋ ಹಾಗಿಲ್ಲ, ಇನ್ನು ಕ್ಲಾಸ್ ಹೇಗೆ ನಡೆಸೋದು' ಅಂತ ಕೇಳುವ ಹಿರಿಯರು ಇನ್ನೂ ಇದ್ದಾರೆ. ಅದೇ ಕಾಯ್ದೆ ಐದನೇ ಕ್ಲಾಸಿನವರೆಗೆ ಸುಮಾರು 30 ಮಕ್ಕಳಿಗೆ ಒಬ್ಬರು ಟೀಚರು ಎಂಬ ಲೆಕ್ಕ ಇಟ್ಟಿದೆ ಅನ್ನುವುದನ್ನು ಅವರು ನೆನಪಿಸುವುದು ಕಡಿಮೆ. ಅರವತ್ತು ಮಕ್ಕಳನ್ನು ಒಂದು ಕೋಣೆಯಲ್ಲಿ ತುಂಬಿ ನಿರ್ವಹಣೆ ಇಲ್ಲ ಅಂದರೆ ಅದು ಟೀಚರ ತಪ್ಪಲ್ಲ.

ಮಾನಿಟರ್ ಬಗ್ಗೆ ಹೇಳದಿದ್ದರೆ ಈ ಪದದ ಪರಿಚಯ ಮುಗಿಯುವುದಿಲ್ಲ. ಮಾತಾಡುವವರ ಹೆಸರು ಬೋರ್ಡಿನಲ್ಲಿ ಬರೆಯುವವನು. ನನ್ನ ಕ್ಲಾಸಿನವನು ನಾನು ಹೊಸ್ತಿಲು ದಾಟುವ ಮೊದಲೇ ಐದು ಹೆಸರು ಬರೆದಿರುತ್ತಿದ್ದ. ಐದೂ ಅವನಿಗೆ ಕ್ರಿಕೆಟ್ಟಿನಲ್ಲಿ ಬ್ಯಾಟಿಂಗ್ ಕೊಡದವರು. ಆ ಕೆಲಸ ತೆಗೆದು ಅವನಿಗೆ ಛತ್ರಿಗಳನ್ನು ಒಪ್ಪಿಸಿದೆ. ಕಾರಿಡಾರಿನ ಗ್ರಿಲ್ಲಿಗೆ ಸಾಲಾಗಿ ನೇತುಹಾಕಿಸುತ್ತಾನೆ, ಹಿಡಿಗೆ ಒಂದೊಂದು ಬಣ್ಣದ ದಾರ. ಬೋರ್ಡಿನ ಮೂಲೆಯಲ್ಲಿ ಹೆಸರು ಈಗಲೂ ಬರೆಯುತ್ತಾನೆ. ನಿನ್ನೆ ಸಂಜೆ ಮಳೆ ಬಿಟ್ಟಿತೆಂದು ಛತ್ರಿ ಮರೆತು ಹೋದವರದ್ದು. ಕಳೆದ ವಾರ ಮೊದಲ ಹೆಸರು ನನ್ನದೇ ಇತ್ತು.